ಇರುಳು ಮೇಯುವ ಎಮ್ಮೆಗಳು

ಗೋಧೂಳಿ ಎಂಬುದು ನಮ್ಮ ಗೃಹಸ್ಥರಿಗೆಲ್ಲ ಬಳಕೆಯ ಮಾತು. ಲಗ್ನಪತ್ರಿಕೆಗಳಲ್ಲಿ 'ಗೋಧೂಳಿ ಲಗ್ನ'ವೆಂದು ಅಚ್ಚಾಗಿರುವುದನ್ನು ನೋಡದವರು ಯಾರು? ಹಗಲೆಲ್ಲ ಮೇದ ಹಸುಗಳು ಸೂರ್ಯಾಸ್ತಮಯದಲ್ಲಿ ಕೊಟ್ಟಿಗೆಗೆ ಹಿಂದಿರುಗುವಾಗ ಅವುಗಳ ಗೊರಸಿನಿಂದೇಳುವ ಧೂಳಿಯೇ ಗೋಧೂಳಿ; ಆ ಧೂಳಿ ಏಳುವ ವೇಳೆಗೂ ಅದೇ ಹೆಸರಾಯಿತು. ಹೀಗೆಯೇ ನಮ್ಮ ಪ್ರಾಚೀನರು ಹಗಲನ್ನು ಐದು ಭಾಗಮಾಡಿ, ಎರಡನೆಯ ಭಾಗಕ್ಕೆ 'ಸಂಗವ'ವೆಂದು ಹೆಸರಿಟ್ಟರು. ಹಾಲು ಕರೆಯುವುದಕ್ಕಾಗಿ ಹಸುಗಳನ್ನು ಒಟ್ಟುಗೂಡಿಸುವ ಹೊತ್ತು ಎಂಬುದೇ ಅದರ ಅರ್ಥ. ಗಡಿಯಾರವಿಲ್ಲದ ಕಾಲದಲ್ಲಿ ಜನರು ಹೊತ್ತನ್ನು ದನದ ಹೋಗುಬರವಿನಿಂದ ಅಳೆಯುತ್ತಿದ್ದರೆಂಬುದು ಇದರಿಂದ ವ್ಯಕ್ತವಾಗುತ್ತದೆ. ಈ ಶಬ್ದಗಳನ್ನು ಪಾಠಶಾಲೆಯಲ್ಲಿ ವಿವರಿಸುವಾಗಲೆಲ್ಲ, ದನವೆಂದ ಮೇಲೆ ಬೆಳಗ್ಗೆ ಹೊರಡತಕ್ಕದ್ದು, ಸಂಜೆಗೆ ಬರತಕ್ಕದ್ದು ಎಂಬುದು ಭೂಮಂಡಲಕ್ಕೆಲ್ಲ ಸಲ್ಲುವ ನಿಯಮವೆಂಬಂತೆ ಹೇಳುವುದು ಉಪಾಧ್ಯಾಯರ ವಾಡಿಕೆ. ಆದರೆ ನಮ್ಮ ದೇಶದಲ್ಲಿಯೇ ಈ ನಿಯಮವು ತಲೆಕೆಳಗಾಗಿರುವ ಒಂದು ಸೀಮೆಯುಂಟು. ಅಲ್ಲಿ ಗೋಧೂಳಿಯ ಹೊತ್ತಿಗೆ ಮಂದೆ ಮನೆಯಿಂದ ಹೊರಡುತ್ತದೆ, ಅರುಣೋದಯಕ್ಕೆ ಹಿಂದಿರುಗುತ್ತದೆ. ಅಲ್ಲಿಯ ಮಂದೆ ಎಮ್ಮೆಗಳದು. ಸೀಮೆಯ ಹೆಸರು ಬನ್ನಿ.

ಬನ್ನಿ ಎಂದೊಡನೆ ಕನ್ನಡಿಗರಾದ ನಮಗೆ ವಿಜಯದಶಮಿಯ ದಿನ ಪೂಜೆಗೊಳ್ಳುವ ಶಮೀವೃಕ್ಷವು ನೆನಪಾಗುವುದು ಸಹಜ. ಈ ಊರುಗಳಿಗೂ ಆ ಮರಕ್ಕೂ ಹೆಸರಿನ ಸಂಬಂಧವಿಲ್ಲ. ಗುಜರಾತಿನ ಕಚ್ಛ ಜಿಲ್ಲೆಯಲ್ಲಿ, ಭುಜ್ ಪಟ್ಟಣಕ್ಕೆ ಉತ್ತರದಲ್ಲಿ, ಮಹಾ ರಣವೆಂಬ ಉಪ್ಪಿನ ಬಯಲಿಗೆ ತಾಗಿಕೊಂಡು ಹರಡಿರುವ ಹುಲ್ಲುಗಾವಲಿಗೆ ಬನ್ನಿ ಎಂದು ಹೆಸರು. ವಿಸ್ತಾರ ಸುಮಾರು 2,500 ಚದರ ಕಿಲೋಮೀಟರು. ಕಚ್ಛಿ ಭಾಷೆಯಲ್ಲಿ ಈ ಮಾತಿಗೆ 'ಆದದ್ದು, ಮಾಡಲ್ಪಟ್ಟದ್ದು' ಎಂಬ ಅರ್ಥವನ್ನು ಹೇಳುವರು. ನದಿಗಳು ತಂದೊಟ್ಟಿದ ಮೆಕ್ಕಲು ಮಣ್ಣಿನಿಂದ ಆದ ನೆಲವಾದುದರಿಂದ ಆ ಹೆಸರು ಅನ್ವರ್ಥವಾಗಿಯೇ ಇದೆ. ಒಂದು ಕಾಲದಲ್ಲಿ ಸಿಂಧೂನದಿಯ ಕವಲೊಂದರ ಸಿಹಿನೀರು ರಣದ ಅಂಚಿನವರೆಗೂ ಬರುತ್ತಿತ್ತು. 1819ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಆದ ಮಹಾಭೂಕಂಪದಲ್ಲಿ ನೆಲವೇ ಉದ್ದಕ್ಕೆ ಏರಿಯಂತೆ ಎದ್ದು ಆ ಕವಲಿಗೆ ಅಡ್ಡವಾಯಿತು. ಮನುಷ್ಯರು ಕಟ್ಟದ ಕಟ್ಟೆಯಾದುದರಿಂದ ಜನರು ಅದನ್ನು 'ಅಲ್ಲಾ ಬಂದ್' ಎಂದು ಕರೆದರು. ಈಗ ಬನ್ನಿಗೆ ಆಧಾರವಾಗಿರುವುದು ದಕ್ಷಿಣದ ಗುಡ್ಡಗಳಿಂದ ಇಳಿದುಬರುವ ಮಳೆಗಾಲದ ಹಳ್ಳಗಳು ಮಾತ್ರ. ವರ್ಷಕ್ಕೆ ಸುಮಾರು 300 ಮಿಲಿಮೀಟರು ಮಳೆ. ಅದೂ ಕೆಲವೇ ದಿನಗಳಲ್ಲಿ ಸುರಿದು ಮುಗಿಯುವುದು, ಕೆಲವು ವರ್ಷ ಬಾರದೆಯೇ ಹೋಗುವುದು. ಮಣ್ಣಿನಲ್ಲಿ ಉಪ್ಪು. ಬೇಸಗೆಯಲ್ಲಿ ಉಷ್ಣಮಾನವು 45 ಅಂಶಗಳನ್ನು ದಾಟುವುದು ಅಲ್ಲಿ ವಿಶೇಷವಲ್ಲ. ಇಂಥ ನೆಲದಲ್ಲಿ, ನೀರಿಲ್ಲದೆ ಬಾಳದೆಂದು ನಾವು ತಿಳಿದಿರುವ ಎಮ್ಮೆಯು ತಲೆತಲಾಂತರದಿಂದ ಬಾಳುತ್ತಿದೆ.

ಎಮ್ಮೆಯನ್ನು ಸಾಕುವವರಿಗೆ ಮಾಲ್‌ಧಾರಿಗಳೆಂದು ಹೆಸರು. ಮಾಲು ಎಂದರೆ ಸೊತ್ತು. ಅಲ್ಲಿ ಸೊತ್ತೆಂದರೆ ದನಕರು. ಧಾರಿ ಎಂಬುದು ನಮ್ಮ ಸಂಸ್ಕೃತದ್ದೇ. ಅರಬ್ಬಿಯೂ ಸಂಸ್ಕೃತವೂ ಒಂದೇ ಪದದಲ್ಲಿ ಜಗಳವಿಲ್ಲದೆ ಕೂಡಿಕೊಂಡಿವೆ. ನಮ್ಮ 'ದನ'ವೂ 'ಧನ'ದ ತದ್ಭವವೆಂದು ಹೇಳುವವರುಂಟಷ್ಟೆ. ಮಾಲ್‌ಧಾರಿಗಳಲ್ಲಿ ಜತ್, ಮುತವಾ, ಹಾಲೇಪೋತ್ರಾ, ರಾಯಸೀಪೋತ್ರಾ ಮುಂತಾದ ಮುಸಲ್ಮಾನ ಕುಲಗಳವರೇ ಬಹುಮಂದಿ. ಅವರ ನೆರೆಯಲ್ಲಿ ಚರ್ಮದ ಕೆಲಸಕ್ಕೂ ಕಸೂತಿಗೂ ಹೆಸರಾದ ಮೇಘವಾಳರು ಇದ್ದಾರೆ. ಹೆಂಗಸರ ಕಸೂತಿಯ ಅರಿವೆಗಳನ್ನು ಪಟ್ಟಣಗಳ ಅಂಗಡಿಗಳಲ್ಲಿ ಕೊಂಡಿರುವ ನಮ್ಮ ಗೃಹಿಣಿಯರಿಗೆ, ಅದನ್ನು ಹೊಲಿದ ಕೈಗಳಲ್ಲಿ ಕೆಲವು ಬೆಳಗಿನ ಜಾವದಲ್ಲಿ ಎಮ್ಮೆ ಕರೆದ ಕೈಗಳೆಂಬುದು ತಿಳಿದಿರಲಾರದು.

ಇನ್ನು ಮಂದೆಯ ದಿನಚರಿಗೆ, ಅಲ್ಲ, ರಾತ್ರಿಚರಿಗೆ ಬರೋಣ. ಸಂಜೆ ಹಾಲು ಕರೆದಾದ ಮೇಲೆ ಎಮ್ಮೆಗಳನ್ನು ಬಿಡುವರು. ಕಟ್ಟಿದ ಹಗ್ಗ ಬಿಚ್ಚಿ ಹಿಂದೆ ಕೋಲು ಹಿಡಿದು ಅಟ್ಟಿಕೊಂಡು ಹೋಗುವುದೆಂದು ಭಾವಿಸಬಾರದು. ಎಮ್ಮೆಗಳು ತಾವಾಗಿಯೇ ಗುಂಪುಗೂಡುವುವು, ಅನುಭವಶಾಲಿಯಾದ ಹಳೆಯ ಎಮ್ಮೆಯೊಂದು ಮುಂದಾಗುವುದು, ಉಳಿದವು ಹಿಂಬಾಲಿಸುವುವು. ಸಾಮಾನ್ಯವಾಗಿ ಕಾಯುವವನು ಜೊತೆಗೆ ಹೋಗುವುದಿಲ್ಲ. ಕತ್ತಲೆಯಲ್ಲಿ ಹಲವು ಕಿಲೋಮೀಟರು ಅಲೆದು, ಮೇದು, ನಡುವೆ ಮಲಗಿ ಮೆಲುಕು ಹಾಕಿ, ಮತ್ತೆ ಮೇದು, ಬೆಳಗಿನ ಹೊತ್ತಿಗೆ ತಮ್ಮ ತಮ್ಮ ಯಜಮಾನನ ಬಾಗಿಲಿಗೆ ಬಂದು ನಿಲ್ಲುವುವು. ಅಲ್ಲಿ ಕರುಗಳು ಕಾದಿರುತ್ತವೆ. ಕೆಚ್ಚಲು ತುಂಬಿದ ತಾಯಿಗೆ ದಾರಿ ತೋರಿಸುವುದಕ್ಕೆ ಬೇರೆ ಯಾರೂ ಬೇಕಿಲ್ಲವಷ್ಟೆ. ಮಾಲ್‌ಧಾರಿಯು ತನ್ನ ಒಂದೊಂದು ಎಮ್ಮೆಗೂ ಹೆಸರಿಟ್ಟಿರುವನು. ಹೆಸರು ಹಿಡಿದು ಕೂಗಿದರೆ ಆ ಎಮ್ಮೆಯೇ ಗುಂಪಿನಿಂದ ಬೇರೆಯಾಗಿ ಬರುವುದು. ಬಿಸಿಲೇರಿದ ಮೇಲೆ ಅವು ನೆರಳಿನಲ್ಲಿಯೋ ನೀರಿದ್ದಲ್ಲಿ ಕೆರೆಯ ಕೆಸರಿನಲ್ಲಿಯೋ ಹಗಲನ್ನು ಕಳೆಯುವುವು.

ಇದು ಕೇವಲ ಅಭ್ಯಾಸಬಲವೋ, ಇದರಲ್ಲಿ ಯುಕ್ತಿಯುಂಟೋ ಎಂದು ವಾಚಕರು ಕೇಳಬಹುದು. ಯುಕ್ತಿಯು ಎಮ್ಮೆಯ ಚರ್ಮದಲ್ಲಿಯೇ ಇದೆ. ಕಪ್ಪು ಬಣ್ಣವು ಬಿಸಿಲನ್ನು ಹೀರಿಕೊಳ್ಳುವುದು. ಮೈಮೇಲೆ ಕೂದಲು ವಿರಳವಾದುದರಿಂದ ಬಿಸಿಲಿಗೆ ಮರೆಯಿಲ್ಲ. ಬೆವರಿನ ಗ್ರಂಥಿಗಳಾದರೋ ಹಸುವಿನ ಚರ್ಮದಲ್ಲಿರುವುದಕ್ಕಿಂತ ಬಹಳ ಕಡಿಮೆ. ಹಸು ಬೆವರಿ ಮೈ ತಣಿಸಿಕೊಳ್ಳುವಲ್ಲಿ ಎಮ್ಮೆಯು ಕೆಸರಿನಲ್ಲಿ ಹೊರಳಿ ತಣಿಸಿಕೊಳ್ಳಬೇಕು. ಅಮರಸಿಂಹನು ತನ್ನ ಕೋಶದಲ್ಲಿ ಮಹಿಷಕ್ಕೆ ಕೊಟ್ಟಿರುವ ಹೆಸರುಗಳಲ್ಲಿ 'ಲುಲಾಯ' ಎಂಬುದೂ ಒಂದು. ಹೊರಳು ಎಂಬ ಅರ್ಥವುಳ್ಳ ಧಾತುವಿನಿಂದ ಅದನ್ನು ವ್ಯುತ್ಪಾದಿಸುವರು. ಹುಡುಗರು ಈ ಮಾತನ್ನು ಬಾಯಿಪಾಠ ಮಾಡುವಾಗ ನಗುವುದುಂಟು. ಆದರೆ ಪ್ರಾಣಿಶಾಸ್ತ್ರಜ್ಞರು ಇಂದು ಯಂತ್ರಗಳಿಂದ ಅಳೆದು ಹೇಳುವ ಸಂಗತಿಯೇ ಆ ಹೆಸರಿನಲ್ಲಿ ಅಡಗಿದೆ. ಮತ್ತೊಂದು ಕಾರಣವುಂಟು. ಒಣಹುಲ್ಲನ್ನು ಹೊಟ್ಟೆಯಲ್ಲಿ ಅರಗಿಸುವ ಕ್ರಿಯೆಯಿಂದಲೇ ಶಾಖ ಹುಟ್ಟುತ್ತದೆ. ಹಗಲಿನಲ್ಲಿ ಮೇದರೆ ಒಳಗಿನ ಬೆಂಕಿಯೂ ಹೊರಗಿನ ಬಿಸಿಲೂ ಒಟ್ಟಾಗಿ ಪ್ರಾಣಿಯನ್ನು ಬೇಯಿಸುತ್ತವೆ. ಆಗ ಅದು ತಿನ್ನುವುದನ್ನೇ ಬಿಡುತ್ತದೆ, ಹಾಲು ಇಳಿಯುತ್ತದೆ. ರಾತ್ರಿ ಮೇದರೆ ಆ ಶಾಖವು ತಂಪಾದ ಗಾಳಿಗೂ ತೆರೆದ ಆಕಾಶಕ್ಕೂ ಹರಿದುಹೋಗುವುದು.

ಹುಲ್ಲಿನ ವಿಷಯದಲ್ಲಿಯೂ ರಾತ್ರಿಗೆ ಒಂದು ವಿಶೇಷವಿದೆ. ಹಗಲು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುವ ಎಲೆಯು ರಾತ್ರಿಯ ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಮೆತ್ತಗಾಗುವುದು. ಪೂರ್ವ ಆಫ್ರಿಕದ ಒಣಪ್ರದೇಶಗಳಲ್ಲಿ ಕೆಲವು ಜಾತಿಯ ಜಿಂಕೆಗಳು ನೀರು ಕುಡಿಯದೆಯೇ ಬಹುಕಾಲ ಹೇಗೆ ಬದುಕುತ್ತವೆಂಬುದನ್ನು 1960ರ ದಶಕದಲ್ಲಿ ಪರೀಕ್ಷಿಸಿದ ವಿದ್ವಾಂಸರು, ಅವು ತಿನ್ನುವ ಒಂದು ಕುರುಚಲು ಗಿಡದ ಎಲೆಯನ್ನು ಹಗಲೂ ರಾತ್ರಿಯೂ ತೂಗಿ ನೋಡಿದರು. ಹಗಲಿನಲ್ಲಿ ಅದರಲ್ಲಿ ನೀರು ಇಲ್ಲವೆಂಬಷ್ಟು ಕಡಿಮೆ. ರಾತ್ರಿಯಲ್ಲಿಯೋ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ನೀರೇ. ಸಮುದ್ರದ ಗಾಳಿ ಬೀಸುವ ಕಚ್ಛದಲ್ಲಿ ಇರುಳು ಮೇಯುವ ಎಮ್ಮೆಯ ಬಾಯಿಗೆ ಈ ಲಾಭವು ಸ್ವಲ್ಪವಾದರೂ ದೊರೆಯುವುದೆಂದು ಊಹಿಸುವುದು ತಪ್ಪಾಗಲಾರದು.

ಎಮ್ಮೆ ಸಾಕಿರುವ ನಮ್ಮ ಮನೆಗಳಿಗೂ ಇದರಿಂದ ಒಂದು ಪ್ರಯೋಜನವುಂಟು. ಚೈತ್ರ ವೈಶಾಖಗಳಲ್ಲಿ ಎಮ್ಮೆಯು ಮೇವು ಬಿಟ್ಟಿತೆಂದು ದೃಷ್ಟಿ ತೆಗೆಯುವುದಕ್ಕೆ ಮೊದಲು, ಮೇವನ್ನು ಯಾವ ಹೊತ್ತಿನಲ್ಲಿ ಹಾಕುತ್ತಿದ್ದೇವೆಂಬುದನ್ನು ನೋಡಬೇಕು. ನಡುಹಗಲಿನಲ್ಲಿ ಗೋದಲಿಯನ್ನು ತುಂಬಿ ರಾತ್ರಿ ಬರಿದಾಗಿ ಬಿಡುವುದು ಬಹುಮನೆಗಳ ಪದ್ಧತಿ. ಅದರ ಬದಲು ಒಣಮೇವಿನ ಹೆಚ್ಚಿನ ಪಾಲನ್ನು ಹೊತ್ತು ಮುಳುಗಿದ ಮೇಲೂ ಬೆಳಗಿನ ಜಾವದಲ್ಲಿಯೂ ಹಾಕಿ, ರಾತ್ರಿಯೂ ಕುಡಿಯಲು ನೀರಿಟ್ಟು, ಹಗಲು ಮೈಮೇಲೆ ಎರಡು ಮೂರು ಸಲ ನೀರು ಹೊಯ್ದರೆ, ಬನ್ನಿಯ ಎಮ್ಮೆ ನಡೆದು ಪಡೆಯುವ ಸೌಖ್ಯದಲ್ಲಿ ಅರ್ಧವಾದರೂ ಕಟ್ಟಿದ ಎಮ್ಮೆಗೆ ಸಿಕ್ಕೀತು.

ರಾತ್ರಿಯಲ್ಲಿ ದನವನ್ನು ಬಿಟ್ಟರೆ ಕಾಡುಮೃಗದ ಭಯವಿಲ್ಲವೆ? ಇದೆ. ತೋಳ, ಕತ್ತೆಕಿರುಬ, ನರಿಗಳು ಬನ್ನಿಯಲ್ಲಿ ಇವೆ. ಆದರೆ ಎಮ್ಮೆಯ ಗುಂಪಿಗೆ ತೋಳವು ಸುಲಭವಾಗಿ ಕೈಹಾಕದು; ಎಳೆಗರುಗಳು ಹೇಗೂ ಮನೆಯಲ್ಲಿರುತ್ತವೆ. ಬನ್ನಿಯ ಎಮ್ಮೆಯ ಕೊಂಬು ಒಳಕ್ಕೆ ಸುರುಳಿಸುರುಳಿಯಾಗಿ ಸುತ್ತಿರುವುದರಿಂದ ತಿವಿಯುವುದಕ್ಕೆ ಅಷ್ಟು ಒದಗದಿದ್ದರೂ, ಗುಂಪು ಒಟ್ಟಾಗಿ ತಲೆ ತಗ್ಗಿಸಿ ಎದುರು ನಿಂತರೆ ಆ ಭಾರವೇ ಸಾಕು. ಇದಲ್ಲದೆ ಕೊರಳ ಗಂಟೆಯುಂಟು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಗೋಽಧ್ಯಕ್ಷನ ಕರ್ತವ್ಯಗಳನ್ನು ಹೇಳುತ್ತ, ಬೆದರುವ ದನಗಳಿಗೆ ಗಂಟೆ ಕಟ್ಟಬೇಕೆಂದು ವಿಧಿಸಿ, ಅದಕ್ಕೆ ಎರಡು ಪ್ರಯೋಜನಗಳನ್ನು ಕೊಡುತ್ತಾನೆ: ಹಾವನ್ನೂ ಕ್ರೂರಮೃಗಗಳನ್ನೂ ಹೆದರಿಸುವುದು ಒಂದು, ದನವು ಎಲ್ಲಿ ಮೇಯುತ್ತಿದೆಯೆಂದು ತಿಳಿಯುವುದು ಇನ್ನೊಂದು. ಕಚ್ಛದಲ್ಲಿ ಈ ವಿದ್ಯೆ ಇಂದಿಗೂ ಜೀವಂತವಾಗಿದೆ. ನಿರೋಣಾ, ಝುರಾ ಎಂಬ ಹಳ್ಳಿಗಳ ಲೋಹಾರರು ಕಬ್ಬಿಣದ ತಗಡನ್ನು ಬೆಸುಗೆಯಿಲ್ಲದೆ ಬಡಿದು ಬಾಗಿಸಿ, ತಾಮ್ರದ ಲೇಪ ಕೊಟ್ಟು, ಒಳಗೆ ಮರದ ನಾಲಗೆ ತೂಗಿಸಿ ಗಂಟೆ ಮಾಡುವರು. ಅಂಚನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ತಟ್ಟಿ ಒಂದೊಂದಕ್ಕೆ ಒಂದೊಂದು ಸ್ವರವನ್ನು ಕೂಡಿಸುವರು. ಕಣ್ಣಿಗೆ ಕಾಣದ ಮಂದೆಯನ್ನು ಮಾಲ್‌ಧಾರಿಯು ಈ ನಾದದಿಂದ ಗುರುತಿಸುವನು. ಪೇಟೆಯವರು ಈಗ ಇದೇ ಗಂಟೆಗಳನ್ನು ಕೊಂಡು ಬಾಗಿಲಿಗೆ ತೂಗುಹಾಕುತ್ತಾರೆ. ಕಸುಬು ಉಳಿಯುವುದಾದರೆ ಅದೂ ಆಗಲಿ.

ರಾತ್ರಿಮೇವು ಕಚ್ಛಕ್ಕೆ ಮಾತ್ರ ಸೀಮಿತವಾದುದಲ್ಲ. ಸಹರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಫುಲಾನಿ ಎಂಬ ಗೋಪಾಲಕ ಜನರು ಒಣಗಾಲದಲ್ಲಿ ದನಗಳನ್ನು ರಾತ್ರಿಯೂ ಮೇಯಿಸುವರು. ಅಲ್ಲಿ ದನದ ಹಿಂದೆ ಮನುಷ್ಯನೂ ಹೋಗಬೇಕು, ನಿದ್ರೆಗೆಡಬೇಕು. 1990ರ ದಶಕದಲ್ಲಿ ನೈಜರ್ ದೇಶದಲ್ಲಿ ಇದನ್ನು ಕ್ರಮವಾಗಿ ಪರೀಕ್ಷಿಸಿದಾಗ, ಹಗಲಿನ ಜೊತೆಗೆ ರಾತ್ರಿಯೂ ಮೇದ ದನಗಳು ಹಗಲು ಮಾತ್ರ ಮೇದವುಗಳಿಗಿಂತ ಹೆಚ್ಚು ತಿಂದುವೆಂದೂ, ಕಡುಬೇಸಗೆಯಲ್ಲಿ ಕಡಿಮೆ ಸೊರಗಿದುವೆಂದೂ ಕಂಡುಬಂತು. ಆದರೆ ಅಲ್ಲಿಯೂ ಒಂದು ತೊಡಕುಂಟು. ರಾತ್ರಿಯಲ್ಲಿ ದನವನ್ನು ಹೊಲದಲ್ಲಿ ಕೂಡಿಹಾಕಿದರೆ ಹೊಲದವನಿಗೆ ಗೊಬ್ಬರ ದೊರೆಯುವುದು. ಮೇಯಲು ಬಿಟ್ಟರೆ ಆ ಸಗಣಿಯೆಲ್ಲ ಕಾಡಿನ ಪಾಲು. ಒಂದೇ ರಾತ್ರಿಯನ್ನು ದನದ ಹೊಟ್ಟೆಯೂ ರೈತನ ಹೊಲವೂ ಬೇಡುತ್ತವೆ. ನಮ್ಮ ಬಯಲುಸೀಮೆಯಲ್ಲಿ ಈ ವ್ಯಾಜ್ಯವು ಬಹುಕಾಲದ ಹಿಂದೆಯೇ ಹೊಲದ ಪರವಾಗಿ ತೀರ್ಮಾನವಾಗಿದೆ. ಬೆಳೆ ಕೊಯ್ದ ಹೊಲದಲ್ಲಿ ಕುರುಬರು ಕುರಿಯ ಮಂದೆಯನ್ನು ರಾತ್ರಿಯೆಲ್ಲ ನಿಲ್ಲಿಸುವುದೂ, ಹೊಲದವನು ಅದಕ್ಕಾಗಿ ಕಾಳನ್ನೋ ಹಣವನ್ನೋ ಕೊಡುವುದೂ ನಾವೆಲ್ಲ ಬಲ್ಲ ಸಂಗತಿ. ಬೇಸಾಯವೇ ಇಲ್ಲದ ಬನ್ನಿಯಲ್ಲಿ ಮಾತ್ರ ರಾತ್ರಿಯು ಪೂರ್ಣವಾಗಿ ಎಮ್ಮೆಗೆ ಬಿಟ್ಟದ್ದಾಗಿತ್ತು. ಕಚ್ಛದ ರಾವ್ ಅರಸರ ಕಾಲದಲ್ಲಿ ಅಲ್ಲಿ ಉಳುವುದಕ್ಕೆ ಅವಕಾಶವಿರಲಿಲ್ಲ. ಹುಲ್ಲಿಗೆ ತೆರಿಗೆ ಕೊಟ್ಟು ಮೇಯಿಸಿಕೊಳ್ಳಬೇಕಾಗಿತ್ತು. ಬೇಲಿಯಿಲ್ಲದ ನೆಲವಾದುದರಿಂದಲೇ, ಕಾಯುವವನಿಲ್ಲದ ಮಂದೆಯು ಯಾರ ಪೈರಿಗೂ ಬಾಯಿಹಾಕದೆ ಬೆಳಗಾಗುವತನಕ ಅಲೆಯಬಹುದಾಗಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಷ್ಟವೆಲ್ಲ ಇದನ್ನೇ ಅವಲಂಬಿಸಿದೆ.

ಆ ಕಷ್ಟದ ಹೆಸರು ಬಳ್ಳಾರಿ ಜಾಲಿ. ಹೆಸರಿನಲ್ಲಿ ನಮ್ಮ ಬಳ್ಳಾರಿ ಇದ್ದರೂ ಈ ಮುಳ್ಳುಗಿಡವು ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಕಚ್ಛದವರು ಇದನ್ನು 'ಗಾಂಡೊ ಬಾವಳ' ಎನ್ನುವರು, ಹುಚ್ಚುಜಾಲಿ ಎಂದರ್ಥ. ವಿಚಿತ್ರವೇನೆಂದರೆ, ಇದು ನಾವು ಪೂಜಿಸುವ ಬನ್ನಿಮರದ ಹತ್ತಿರದ ಬಳಗಕ್ಕೆ ಸೇರಿದ್ದು. ಬನ್ನಿಯ ನೆಂಟನೇ ಬನ್ನಿಯ ನೆಲವನ್ನು ನುಂಗುತ್ತಿರುವನೆಂದು ಕನ್ನಡದಲ್ಲಿ ಮಾತ್ರ ಹೇಳಬಹುದು! ಬನ್ನಿಯನ್ನು 1955ರಲ್ಲಿ ರಕ್ಷಿತಾರಣ್ಯವೆಂದು ಸಾರಲಾಯಿತು. ರಣದ ಉಪ್ಪು ಒಳನಾಡಿಗೆ ಹಬ್ಬದಂತೆ ತಡೆಯಬೇಕೆಂಬ ಸದುದ್ದೇಶದಿಂದ 1961ರಲ್ಲಿ ಅರಣ್ಯ ಇಲಾಖೆಯವರು 30,000 ಹೆಕ್ಟೇರಿಗೂ ಮೀರಿದ ಪ್ರದೇಶದಲ್ಲಿ ಈ ಗಿಡವನ್ನು ಹಾಕಿಸಿದರು. ಈಗ ಅದು ಬನ್ನಿಯ ಅರ್ಧದಷ್ಟು ನೆಲವನ್ನು ಆಕ್ರಮಿಸಿದೆ. ಅದರ ಅಡಿಯಲ್ಲಿ ಹುಲ್ಲು ಏಳುವುದು ಕಷ್ಟ. ಅದರ ಸಿಹಿಯಾದ ಕಾಯನ್ನು ದನಗಳು ಆಸೆಯಿಂದ ತಿನ್ನುವುವು. ಬೀಜವು ಜೀರ್ಣವಾಗದೆ ಸಗಣಿಯೊಡನೆ ಬಿದ್ದು, ಗೊಬ್ಬರ ಸಮೇತ ಬಿತ್ತಿದಂತಾಗಿ ಮೊಳೆಯುವುದು. ಹೀಗೆ ಇರುಳೆಲ್ಲ ಹುಲ್ಲನ್ನು ಅರಸುತ್ತ ತಿರುಗುವ ಮಂದೆಯೇ ಹುಲ್ಲಿನ ಶತ್ರುವನ್ನು ದಾರಿಯುದ್ದಕ್ಕೂ ಬಿತ್ತುತ್ತ ಬರುತ್ತದೆ.

ಹಿಂದೆ ಬನ್ನಿಯಲ್ಲಿ ಕಾಂಕ್ರೇಜ್ ಎಂಬ ದೊಡ್ಡ ಕೊಂಬಿನ ಹಸುಗಳು ಬಹುವಾಗಿದ್ದುವು. ಜಾಲಿಯ ಕಾಯನ್ನು ಅತಿಯಾಗಿ ತಿಂದ ಹಸುಗಳು ಹೊಟ್ಟೆಯ ಬಾಧೆಯಿಂದ ಸಾಯತೊಡಗಿದುವು. ಎಮ್ಮೆಯು ಅದನ್ನು ಹೆಚ್ಚುಮಟ್ಟಿಗೆ ತಾಳಿಕೊಂಡಿತು. ಆದಕಾರಣ ಬಹುಮಂದಿ ಮಾಲ್‌ಧಾರಿಗಳು ಹಸುವನ್ನು ಕಡಿಮೆಮಾಡಿ ಎಮ್ಮೆಯನ್ನು ಹೆಚ್ಚಿಸಿದರು. ಬಡವರಾದ ಕೆಲವರು ಅದೇ ಜಾಲಿಯನ್ನು ಕಡಿದು ಇದ್ದಿಲು ಸುಟ್ಟು ಜೀವನ ಸಾಗಿಸುತ್ತಾರೆಂಬುದನ್ನೂ ಹೇಳಬೇಕು. ಗಿಡವು ಕೇವಲ ಶತ್ರುವೆಂದು ಅವರ ಮುಂದೆ ವಾದಿಸುವುದು ನನ್ನಿಂದಾಗದು. ಆದರೂ ತೂಗಿ ನೋಡಿದರೆ ನಷ್ಟವೇ ಹೆಚ್ಚು.

ಎರಡನೆಯ ಕಷ್ಟವು ಮನುಷ್ಯಕೃತ. ಈಚಿನ ವರ್ಷಗಳಲ್ಲಿ ಕೆಲವರು ಹುಲ್ಲುಗಾವಲಿನ ನಡುವೆ ನೆಲವನ್ನು ಉತ್ತು ಬೇಲಿ ಹಾಕತೊಡಗಿದರು. ಹಗಲಿನಲ್ಲಿ ಕಾಯುವವನೊಡನೆ ಹೋಗುವ ದನಕ್ಕೆ ಬೇಲಿಯೊಂದು ಅಡ್ಡಿ ಮಾತ್ರ. ತಾನಾಗಿಯೇ ಹೋಗಿಬರುವ ಇರುಳಿನ ಮಂದೆಗೆ ಅದು ದಾರಿಯನ್ನೇ ಕಿತ್ತುಕೊಂಡಂತೆ. ಪೈರಿಗೆ ನುಗ್ಗಿದ ಎಮ್ಮೆಯಿಂದ ನೆರೆಹೊರೆಯವರಲ್ಲಿ ವಿರಸ ಹುಟ್ಟದಿರುವುದೆ? ಹಾಗೆಂದು ರಾತ್ರಿಯಿಡೀ ಮನೆಮನೆಯಿಂದಲೂ ಒಬ್ಬನು ಮಂದೆಯ ಹಿಂದೆ ಹೋಗಬೇಕಾದರೆ, ಈ ಪದ್ಧತಿಯ ಸೌಲಭ್ಯವೇ ಹೋಯಿತು. ಬನ್ನಿಯ ಪಶುಪಾಲಕರು 2008ರಲ್ಲಿ ತಮ್ಮದೊಂದು ಸಂಘವನ್ನು ಕಟ್ಟಿಕೊಂಡಿದ್ದರು. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ ಇಡೀ ಹುಲ್ಲುಗಾವಲಿನ ಮೇಲೆ ಊರುಗಳೆಲ್ಲಕ್ಕೂ ಒಟ್ಟಾದ ಹಕ್ಕನ್ನು ಅವರು ಬೇಡಿದರು. ತಲೆಗಿಷ್ಟೆಂದು ಹಂಚಿದ ತುಂಡುನೆಲ ತಮಗೆ ಬೇಡವೆಂದರು. ನೆಲವನ್ನು ಪಾಲು ಮಾಡಿಕೊಡಿರೆಂದು ಅಣ್ಣತಮ್ಮಂದಿರೇ ನ್ಯಾಯಸ್ಥಾನದ ಮೆಟ್ಟಿಲು ಹತ್ತುವ ಈ ಕಾಲದಲ್ಲಿ, ಪಾಲು ಬೇಡವೆಂದು ಹತ್ತಿದವರನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಅವರ ದೂರನ್ನು ವಿಚಾರಿಸಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2021ರಲ್ಲಿ ಒತ್ತುವರಿಗಳನ್ನು ತೆರವುಮಾಡಿಸಬೇಕೆಂದು ಆಜ್ಞಾಪಿಸಿತು.

ಇದಕ್ಕೆ ಮೊದಲೇ, 2010ರಲ್ಲಿ, ಬನ್ನಿಯ ಎಮ್ಮೆಗೆ ಸ್ವತಂತ್ರವಾದ ತಳಿಯೆಂಬ ಮನ್ನಣೆ ಸರಕಾರದಿಂದ ದೊರೆತಿತ್ತು. ನಮ್ಮ ದೇಶದ ಎಮ್ಮೆಯ ತಳಿಗಳಲ್ಲಿ ಅದು ಹನ್ನೊಂದನೆಯದು. ಆ ಮನ್ನಣೆಯ ತರುವಾಯ ಎಮ್ಮೆಯ ಬೆಲೆ ಏರಿತು. ಒಳ್ಳೆಯ ಎಮ್ಮೆಯೊಂದಕ್ಕೆ ಲಕ್ಷ ರೂಪಾಯಿಗೂ ಮೀರಿ ಕೊಡುವವರುಂಟು. ಹಿಂದೆ ತುಪ್ಪವೂ, ಭಿರಂಡಿಯಾರಾ ಹಳ್ಳಿಯ ಹೆಸರಾಂತ ಖೋವವೂ ಮಾತ್ರ ಹೊರಗೆ ಹೋಗುತ್ತಿದ್ದ ಸೀಮೆಯಿಂದ ಈಗ ಹಾಲೇ ಡೈರಿಗಳಿಗೆ ಹೋಗುತ್ತಿದೆ. 2021ರ ಅಕ್ಟೋಬರಿನಲ್ಲಿ ಗುಜರಾತಿನ ಗೀರ್ ಸೋಮನಾಥ ಜಿಲ್ಲೆಯಲ್ಲಿ, ಗಾಜಿನ ಪಾತ್ರೆಯಲ್ಲಿ ಭ್ರೂಣವನ್ನು ಉಂಟುಮಾಡಿ ಗರ್ಭದಲ್ಲಿರಿಸುವ ನೂತನ ವಿಧಾನದಿಂದ ಈ ತಳಿಯ ಕರುವೊಂದು ಹುಟ್ಟಿತು. ವಿಜ್ಞಾನಿಗಳ ಸಾಮರ್ಥ್ಯವು ಶ್ಲಾಘ್ಯವಾದುದೇ. ಆದರೆ ಎಮ್ಮೆಯ ರಕ್ತವನ್ನು ಗಾಜಿನಲ್ಲಿ ಕಾಪಾಡಬಹುದೇ ಹೊರತು, ಕತ್ತಲೆಯಲ್ಲಿ ಯಾವ ತಗ್ಗಿನಲ್ಲಿ ನೀರಿದೆ, ಯಾವ ದಿಬ್ಬದ ಆಚೆ ಹುಲ್ಲಿದೆ ಎಂಬ ತಿಳಿವಳಿಕೆಯನ್ನಲ್ಲ. ಅದನ್ನು ಎಳೆಯ ಎಮ್ಮೆಯು ಹಳೆಯ ಎಮ್ಮೆಯ ಬಾಲವನ್ನು ಹಿಡಿದೇ ಕಲಿಯಬೇಕು. ಕೊಟ್ಟಿಗೆಯಲ್ಲಿ ಕಟ್ಟಿ ಹಿಂಡಿ ಹಾಕಿ ಬೆಳೆಸಿದ ಎಮ್ಮೆಯ ಕೊಂಬು ಬನ್ನಿಯದಾಗಿದ್ದರೂ ನಡಿಗೆಯು ಬನ್ನಿಯದಾಗದು. ಒಂದು ತಲೆಮಾರು ದಾರಿ ತಪ್ಪಿದರೆ ಮುಂದಿನದಕ್ಕೆ ಕಲಿಸುವವರೇ ಇಲ್ಲವಾಗುವರು.

ಆದಕಾರಣ ಊರವರು ಮೊದಲು ಹುಲ್ಲಿನ ಕಡೆ ಗಮನವಿಟ್ಟಿದ್ದಾರೆ. ಕೆಲವು ಹಳ್ಳಿಗಳಲ್ಲಿ ಜನರು ತಾವೇ ಕೂಡಿ ನಿಶ್ಚಯಿಸಿ, ಗೊತ್ತಾದಷ್ಟು ಪ್ರದೇಶದಲ್ಲಿ ಬಳ್ಳಾರಿ ಜಾಲಿಯನ್ನು ತೆಗೆಸಿದರು. ಬರಿದೆ ಕಡಿದರೆ ಸಾಲದು; ಬೊಡ್ಡೆಯಿಂದ ಮತ್ತೆ ಚಿಗುರುವ ಗಿಡವಾದುದರಿಂದ ಬೇರು ಸಮೇತ ಅಗೆದು ತೆಗೆಯಬೇಕು. ಹಾಗೆ ತೆಗೆದು, ಮಳೆಗಾಲ ಮುಗಿಯುವವರೆಗೆ ದನ ಬಿಡದೆ ಕಾದರೆ, ಎಷ್ಟೋ ವರ್ಷ ಕಣ್ಣಿಗೆ ಬೀಳದಿದ್ದ ಹುಲ್ಲುಗಳು ಮಣ್ಣಿನಲ್ಲಿ ಉಳಿದಿದ್ದ ಬೀಜದಿಂದಲೇ ಮೇಲೇಳುವುವು. ಆ ಹುಲ್ಲನ್ನು ಕೊಯ್ದು ಬಣವೆ ಒಟ್ಟಿ ಬೇಸಗೆಗೆ ಇಟ್ಟುಕೊಳ್ಳುವರು. ವರ್ಷಕ್ಕೊಮ್ಮೆ ಹೋಡ್ಕಾ ಗ್ರಾಮದಲ್ಲಿ ನಡೆಯುವ ಪಶುಮೇಳಕ್ಕೆ ಮಾಲ್‌ಧಾರಿಗಳು ತಮ್ಮ ಎಮ್ಮೆಗಳನ್ನು ತೊಳೆದು ಎಣ್ಣೆ ಸವರಿ ಕರೆತರುವರು. ಅಲ್ಲಿ ಹಾಲಿನ ಅಳತೆಯೂ ಕೊಂಬಿನ ಚೆಲುವೂ ಬೆಲೆಯ ಚೌಕಾಸಿಯೂ ಹಗಲೆಲ್ಲ ನಡೆಯುತ್ತವೆ.